ಮಕ್ಕಳ ಶಿಬಿರ, ಹಿರಿಯರಿಗೆ ಪಾಠ

ಪ್ರತಿವರ್ಷ ವಸಂತ ಕಾಲಿಡುತ್ತಿದ್ದಂತೆ ನಮ್ಮ ಕೂಟದ ಕಾರ್ಯಕಾರಿ ಸಮಿತಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಯುಗಾದಿ ಕಾರ್ಯಕ್ರಮಕ್ಕೆ ಸಭಾಂಗಣ ದೊರೆಯುವುದು ಶನಿವಾರ. ಸ್ಕೌಟ್ ಮಕ್ಕಳು ಕಾಡಿಗೆ ಹೊರಡುವುದೂ ವಾರಾಂತ್ಯದಲ್ಲಿಯೇ. ಮಕ್ಕಳ ನಾಟಕದ ತಾಲೀಮು ಅರ್ಧ ಮುಗಿದಿರುವಾಗ ತಾಯಿಯೊಬ್ಬರು ಬಂದು, "ಈ ಶನಿವಾರ ಮಗನಿಗೆ ಕ್ಯಾಂಪ್‌ಔಟ್ ಇದೆ, ತಾಲೀಮಿಗೆ ಬರಲಾಗುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ" ಎಂದು ಸಂಕೋಚದಿಂದ ಹೇಳುತ್ತಾರೆ. ನಿರ್ದೇಶಕರ ಮುಖ ಬಾಡುತ್ತದೆ. ಹಿರಿಯರೊಬ್ಬರು, "ಕಾಡಿನಲ್ಲಿ ಮಲಗುವುದಕ್ಕೆ ಅಮೆರಿಕದವರೆಗೆ ಬರಬೇಕಾಗಿತ್ತೇ?" ಎಂದು ನಗೆಯಾಡುತ್ತಾರೆ. ಮಗು ಅಮ್ಮನ ಬೆನ್ನ ಹಿಂದೆ ನಿಂತು ನೆಲ ನೋಡುತ್ತದೆ.

ಹಿರಿಯರ ಮಾತಿನಲ್ಲಿ ಹಾಸ್ಯದ ಜೊತೆಗೆ ಒಂದು ಅಳುಕೂ ಇದೆ. ವಾರಕ್ಕೊಂದು ದಿನ ಕನ್ನಡ ಕಲಿಯುವ ಮಗು ಆ ದಿನವನ್ನೂ ಬಿಟ್ಟರೆ ಭಾಷೆ ಉಳಿಯುವುದು ಹೇಗೆ? ನಾಟಕ, ಗಮಕ, ಕೋಲಾಟಗಳಿಗೆ ಮಕ್ಕಳೇ ಬಾರದಿದ್ದರೆ ಕೂಟ ಯಾರಿಗಾಗಿ? ಈ ಪ್ರಶ್ನೆಗಳು ನ್ಯಾಯವಾದವು. ನಾವೂ ಅವುಗಳನ್ನು ಕೇಳಿಕೊಂಡವರೇ. ಆದರೆ ಕೆಲವು ವರ್ಷಗಳಿಂದ ಮಕ್ಕಳನ್ನು ಈ ಶಿಬಿರಗಳಿಗೆ ಕರೆದೊಯ್ದು, ಅವರೊಡನೆ ಚಳಿಯಲ್ಲಿ ನಡುಗಿ, ಸೊಳ್ಳೆಗೆ ಮೈಯೊಡ್ಡಿ ಬಂದ ನಮ್ಮಂಥ ಕೆಲವು ಪೋಷಕರು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಆ ಮಗುವನ್ನು ಕಳುಹಿಸಬೇಕು, ಸಂಕೋಚವಿಲ್ಲದೆ ಕಳುಹಿಸಬೇಕು. ಕೂಟವೂ ಅದಕ್ಕೆ ಅನುವು ಮಾಡಿಕೊಡಬೇಕು. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಸದಸ್ಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಾವು ಬದುಕುತ್ತಿರುವ ಪರಿಸರವನ್ನೇ ನೋಡೋಣ. ಬೇ ಏರಿಯಾ ಬಹುಸಂಸ್ಕೃತಿಯ ನೆಲವೆಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅಂಕಿಅಂಶಗಳು ಅದನ್ನು ಸಮರ್ಥಿಸುತ್ತವೆ. ಆದರೆ 2020ರ ಜನಗಣತಿಯನ್ನು ಊರೂರಾಗಿ ಬಿಡಿಸಿ ನೋಡಿದರೆ, ಫ್ರೀಮಾಂಟ್ ಮತ್ತು ಕೂಪರ್ಟಿನೊದಂಥ ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಏಷ್ಯಾ ಮೂಲದವರು. ನಮ್ಮ ಮಕ್ಕಳ ದಿನಚರಿ ಇನ್ನೂ ಕಿರಿದು. ಶಾಲೆ ಬಿಟ್ಟ ಮೇಲೆ ಗಣಿತದ ತರಗತಿ, ಅಲ್ಲಿಂದ ಭರತನಾಟ್ಯ ಅಥವಾ ಮೃದಂಗ, ಅಲ್ಲಿಂದ ರೊಬೊಟಿಕ್ಸ್, ಭಾನುವಾರ ದೇವಸ್ಥಾನ. ಎಲ್ಲೆಡೆಯೂ ಅವೇ ಮುಖಗಳು, ಅವೇ ಕಾರುಗಳು, ಅವೇ ಮಾತುಗಳು. ಮೆಕ್ಸಿಕೋ ಮೂಲದ ಮಗು, ವಿಯೆಟ್ನಾಂ ಮೂಲದ ಮಗು, ಕಪ್ಪು ಜನಾಂಗದ ಮಗು, ತಲೆಮಾರುಗಳಿಂದ ಇಲ್ಲೇ ನೆಲೆಸಿದ ಬಿಳಿಯರ ಮಗು, ಇವರೆಲ್ಲ ನಮ್ಮ ಮಕ್ಕಳಿಗೆ ಪರಿಚಿತರು, ಆದರೆ ಒಡನಾಡಿಗಳಲ್ಲ. ಒಂದೇ ಬೀದಿಯಲ್ಲಿದ್ದರೂ ಒಂದೇ ಅಂಗಳದಲ್ಲಿ ಆಡಿದವರಲ್ಲ. ದೇಶ ಸುತ್ತಿ ಬಂದ ನಾವು ನಮ್ಮ ಮಕ್ಕಳಿಗೆ ಒಂದು ಓಣಿಯನ್ನಷ್ಟೇ ತೋರಿಸುತ್ತಿದ್ದೇವೆಯೋ ಎಂಬ ಅನುಮಾನ ನಮ್ಮನ್ನು ಕಾಡುತ್ತಿದೆ.

ಈ ಓಣಿಯಿಂದ ಹೊರಬರಲು ಅನೇಕ ದಾರಿಗಳಿವೆ. ಶಾಲೆಗಳಲ್ಲಿ 'ಅಂತರರಾಷ್ಟ್ರೀಯ ದಿನ' ಆಚರಿಸುತ್ತಾರೆ. ನಾವು ಮಸಾಲೆದೋಸೆಯ ಮಳಿಗೆ ಇಡುತ್ತೇವೆ, ಅವರು ಡಂಪ್ಲಿಂಗ್ ಮಾರುತ್ತಾರೆ, ಎಲ್ಲರೂ ಫೋಟೋ ತೆಗೆದುಕೊಂಡು ಮನೆಗೆ ಮರಳುತ್ತಾರೆ. ಅದು ತಪ್ಪಲ್ಲ. ಆದರೆ ಒಬ್ಬರ ತಿಂಡಿ ರುಚಿ ನೋಡುವುದು ಬೇರೆ, ಒಬ್ಬರೊಡನೆ ಸೇರಿ ಒಂದು ಕೆಲಸ ಮಾಡುವುದು ಬೇರೆ. ಸ್ಕೌಟ್ ಶಿಬಿರದಲ್ಲಿ ನಡೆಯುವುದು ಎರಡನೆಯದು.

ಶಿಬಿರವನ್ನು ಕಂಡಿರದ ಕುಟುಂಬಗಳಿಗಾಗಿ ಅದರ ಕ್ರಮವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಒಂದು ಊರಿನ ಮಕ್ಕಳ ಗುಂಪಿಗೆ ದಳವೆನ್ನೋಣ. ದಳದೊಳಗೆ ಏಳೆಂಟು ಮಕ್ಕಳ ಕಿರುತಂಡಗಳಿರುತ್ತವೆ. ನಾಯಕನನ್ನು ಮಕ್ಕಳೇ ಆರಿಸುತ್ತಾರೆ. ಶಿಬಿರದ ಊಟವೇನೆಂದು ಮಕ್ಕಳೇ ಕುಳಿತು ತೀರ್ಮಾನಿಸಿ, ಇಂತಿಷ್ಟು ಹಣದೊಳಗೆ ಸಾಮಾನು ಕೊಂಡು, ತಾವೇ ಅಡುಗೆ ಮಾಡಿ, ತಾವೇ ಪಾತ್ರೆ ತೊಳೆಯಬೇಕು. ಡೇರೆ ಹಾಕುವುದು, ಗಂಟು ಕಟ್ಟುವುದು, ದಿಕ್ಸೂಚಿ ಹಿಡಿದು ದಾರಿ ಹುಡುಕುವುದು, ಗಾಯಕ್ಕೆ ಪ್ರಥಮ ಚಿಕಿತ್ಸೆ ಮಾಡುವುದು, ಎಲ್ಲವೂ ಅವರದೇ. ವರ್ಷಕ್ಕೊಂದೆರಡು ಬಾರಿ ಆಸುಪಾಸಿನ ಹಲವು ದಳಗಳು ಒಂದೇ ಬಯಲಿನಲ್ಲಿ ಸೇರುತ್ತವೆ. ಅದಕ್ಕೆ ಕ್ಯಾಂಪೊರಿ ಎಂಬ ಹೆಸರು. ದಳ ಮನೆಯಿದ್ದಂತೆ, ಕ್ಯಾಂಪೊರಿ ಜಾತ್ರೆಯಿದ್ದಂತೆ. ಅಲ್ಲಿ ಸ್ಯಾನ್ ಹೋಸೆಯ ಪೂರ್ವ ಭಾಗದ ಮಕ್ಕಳು, ಸಾರಾಟೋಗದ ಮಕ್ಕಳು, ಗಿಲ್ರಾಯ್ ಕಡೆಯ ಮಕ್ಕಳು ಒಂದೇ ನಲ್ಲಿಯ ಮುಂದೆ ಸಾಲುಗಟ್ಟುತ್ತಾರೆ.

ನಮ್ಮ ಹುಡುಗನೊಬ್ಬನ ಕಿರುತಂಡ ಒಮ್ಮೆ ಬೆಳಗಿನ ತಿಂಡಿಗೆ ಉಪ್ಪಿಟ್ಟು ಮಾಡಲು ನಿರ್ಧರಿಸಿತು. ಮನೆಯಲ್ಲಿ ಅಮ್ಮ ಮಾಡುವುದನ್ನು ನೋಡಿದ್ದನೇ ಹೊರತು ಅವನು ಕೈಯಾಡಿಸಿದವನಲ್ಲ. ಎಂಟು ಜನರ ರವೆಯನ್ನು ಒಮ್ಮೆಗೇ ಕುದಿನೀರಿಗೆ ಸುರಿದ. ಅದು ಗಂಟುಗಂಟಾಗಿ ಪಾತ್ರೆಗೆ ಅಂಟಿಕೊಂಡಿತು. ಅವನ ಕಣ್ಣಲ್ಲಿ ನೀರು. ಆಗ ಮೆಕ್ಸಿಕೋ ಮೂಲದ ಜೊತೆಗಾರನೊಬ್ಬ ಆ ಮುದ್ದೆಯನ್ನು ಚೂರುಚೂರಾಗಿ ಒಡೆದು, ಟೋರ್ಟಿಯಾದೊಳಗೆ ತುಂಬಿ, ಕಾವಲಿಯ ಮೇಲೆ ಬಾಡಿಸಿದ. ವಿಯೆಟ್ನಾಂ ಮೂಲದ ಇನ್ನೊಬ್ಬ ತನ್ನ ಖಾರದ ಸಾಸ್ ಸುರಿದ. ಎಂಟು ಮಕ್ಕಳೂ ತಿಂದರು. ಅದಕ್ಕೆ ಯಾವ ದೇಶದ ಅಡುಗೆಯೆಂದು ಹೆಸರಿಡಲು ಸಾಧ್ಯವಿರಲಿಲ್ಲ. ಹಸಿವಿಗೆ ಹೆಸರು ಬೇಕಾಗಿರಲೂ ಇಲ್ಲ.

ಕರ್ನಾಟಕದಿಂದ ಬಂದ ನಮಗೆ ಸಹಪಂಕ್ತಿ ಭೋಜನವೆಂಬ ಪದದ ತೂಕ ಗೊತ್ತು. ಪಂಕ್ತಿಭೇದದ ಕಹಿಯನ್ನು ನಮ್ಮ ಹಿರಿಯರು ಉಂಡಿದ್ದಾರೆ, ಕೆಲವರು ಉಣಿಸಿದ್ದಾರೆ ಕೂಡ. ಸ್ಕೌಟ್ ಚಳವಳಿಯ ಹುಟ್ಟೇ ಒಂದು ಬಗೆಯ ಸಹಪಂಕ್ತಿಯಲ್ಲಿ ಆಯಿತೆಂಬುದು ಗಮನಾರ್ಹ. 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಸುಮಾರು ಇಪ್ಪತ್ತು ಹುಡುಗರ ಪ್ರಾಯೋಗಿಕ ಶಿಬಿರವನ್ನು ನಡೆಸಿದಾಗ, ಸಿರಿವಂತರ ವಸತಿಶಾಲೆಗಳ ಹುಡುಗರನ್ನೂ ದುಡಿಯುವ ವರ್ಗದ ಮನೆಗಳ ಹುಡುಗರನ್ನೂ ಬೇಕೆಂದೇ ಬೆರೆಸಿ ತಂಡ ಕಟ್ಟಿದ್ದರು. ವರ್ಗಭೇದ ಬಿಗಿಯಾಗಿದ್ದ ಅಂದಿನ ಇಂಗ್ಲೆಂಡಿನಲ್ಲಿ ಅದು ಸಣ್ಣ ಮಾತಾಗಿರಲಿಲ್ಲ.

ಆದರೆ ಚಳವಳಿ ತನ್ನ ಆದರ್ಶವನ್ನು ಎಲ್ಲೆಡೆಯೂ ಪಾಲಿಸಿತೆಂದು ಹೇಳಲಾಗದು. ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಹುಟ್ಟಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರಿಂದ. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಅದೇ ಊರಿನ ಕನ್ನಡದ ಹುಡುಗ ಬೇಲಿಯ ಹೊರಗೆ ನಿಂತು ನೋಡಬೇಕಾಗಿತ್ತು. ಆ ಬಾಗಿಲು ತಾನಾಗಿ ತೆರೆಯಲಿಲ್ಲ. ಮದರಾಸಿನಲ್ಲಿ ಅನಿಬೆಸೆಂಟ್ ಮತ್ತು ಅರುಂಡೇಲ್, ಅಲಹಾಬಾದಿನಲ್ಲಿ ಮದನಮೋಹನ ಮಾಲವೀಯ ಮತ್ತು ಹೃದಯನಾಥ ಕುಂಜ್ರು ಮೊದಲಾದವರು ಭಾರತೀಯ ಮಕ್ಕಳಿಗಾಗಿ ಪ್ರತ್ಯೇಕ ಸಂಘಗಳನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಹಲವು ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ದೊಡ್ಡಬಳ್ಳಾಪುರದ ಸ್ಕೌಟ್ ಶಿಬಿರತಾಣ ಇಂದಿಗೂ ಅನಿಬೆಸೆಂಟ್ ಅವರ ಹೆಸರನ್ನು ಹೊತ್ತಿದೆ. ನಮ್ಮಲ್ಲಿ ಅನೇಕರು ಶಾಲೆಯ ದಿನಗಳಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿ, ಎಡಗೈ ಕುಲುಕಿ, ಅಲ್ಲಿಯೋ ಕೊಂಡಜ್ಜಿಯಲ್ಲಿಯೋ ಶಿಬಿರ ಮಾಡಿದವರು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ದೇಶವಿದೇಶಗಳ ಮಕ್ಕಳು ಬಂದಿಳಿದುದನ್ನು ಊರಿನ ಬಂಧುಗಳು ಕಳುಹಿಸಿದ ವಿಡಿಯೋಗಳಲ್ಲಿ ನೋಡಿ ಸಂತೋಷಪಟ್ಟವರೂ ಇದ್ದಾರೆ. ಹೀಗಿರುವಾಗ ಸ್ಕೌಟ್ ಶಿಬಿರ ನಮಗೆ ಪರಕೀಯವೆನ್ನುವುದು ಸರಿಯಾಗದು.

ಬೆಂಗಳೂರಿನ ಈ ಕಥೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ ಒಂದು ಜೊತೆಯಿದೆ. ಚೀನೀಯರು ಈ ದೇಶಕ್ಕೆ ಬಾರದಂತೆ ತಡೆಯುವ ಕಾಯಿದೆ ಜಾರಿಯಲ್ಲಿದ್ದ ಕಾಲದಲ್ಲಿ, 1914ರಲ್ಲಿ, ಚೈನಾಟೌನಿನ ಹುಡುಗರು ತಮ್ಮದೇ ದಳವೊಂದನ್ನು ಕಟ್ಟಿಕೊಂಡರು. ಜಪಾನ್ ಮೂಲದವರೂ ತಮ್ಮ ಬೌದ್ಧ ಮಂದಿರಗಳ ಆಶ್ರಯದಲ್ಲಿ ದಳಗಳನ್ನು ಬೆಳೆಸಿದರು. ಬಾಗಿಲು ತೆರೆಯದ ಮನೆಯ ಮುಂದೆ ಕಾಯುತ್ತ ಕೂರುವ ಬದಲು ತಮ್ಮದೇ ಸೂರು ಕಟ್ಟಿಕೊಂಡ ಸ್ವಾಭಿಮಾನ ಅದು.

ಇನ್ನು ನಾವು ಹೇಳಬೇಕೆಂದಿರುವ ಮುಖ್ಯ ಪ್ರಸಂಗಕ್ಕೆ ಬರೋಣ. ನಮ್ಮಲ್ಲಿ ಬಹುತೇಕರು ಸ್ಯಾನ್ ಹೋಸೆ ವಿಮಾನ ನಿಲ್ದಾಣಕ್ಕೆ ಹೋಗಿಬಂದವರೇ. ಅದರ ಪೂರ್ಣ ಹೆಸರು ನಾರ್ಮನ್ ವೈ. ಮಿನೆಟಾ ಸ್ಯಾನ್ ಹೋಸೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಫಲಕದ ಮೇಲಿನ ಆ ಹೆಸರು ಯಾರದೆಂದು ನಮ್ಮ ಮಕ್ಕಳನ್ನು ಕೇಳಿ ನೋಡಿ; ನಮ್ಮನ್ನು ನಾವೇ ಕೇಳಿಕೊಂಡರೂ ಆದೀತು.

ಮಿನೆಟಾ 1931ರಲ್ಲಿ ಸ್ಯಾನ್ ಹೋಸೆಯಲ್ಲಿ ಹುಟ್ಟಿದವರು. ತಂದೆ ಜಪಾನಿನಿಂದ ಬಂದು ಇಲ್ಲಿ ವಿಮೆಯ ವ್ಯವಹಾರ ನಡೆಸುತ್ತಿದ್ದರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಫಲವಾಗಿ ಪಶ್ಚಿಮ ಕರಾವಳಿಯ ಜಪಾನ್ ಮೂಲದ ಸುಮಾರು 1,20,000 ಜನರನ್ನು ಮನೆ, ಅಂಗಡಿ, ಹೊಲಗಳಿಂದ ಕಿತ್ತು ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಈ ನೆಲದಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ಹತ್ತು ವರ್ಷದ ಮಿನೆಟಾ ತನ್ನ ಕಬ್ ಸ್ಕೌಟ್ ಸಮವಸ್ತ್ರ ತೊಟ್ಟೇ ರೈಲು ಹತ್ತಿದ. ಕೈಯಲ್ಲಿದ್ದ ಬೇಸ್‌ಬಾಲ್ ಬ್ಯಾಟನ್ನು ಆಯುಧವೆಂದು ಸೈನಿಕರು ಕಿತ್ತುಕೊಂಡರು. ಕುಟುಂಬ ಕೊನೆಗೆ ಸೇರಿದ್ದು ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರಕ್ಕೆ. ಸುತ್ತ ಮುಳ್ಳುತಂತಿ, ಕಾವಲು ಗೋಪುರ, ಒಳಗೆ ಹತ್ತು ಸಾವಿರಕ್ಕೂ ಹೆಚ್ಚು ಜನ.

ಆ ಬಂಧನದಲ್ಲಿಯೂ ಹಿರಿಯರು ಮಕ್ಕಳಿಗಾಗಿ ಸ್ಕೌಟ್ ದಳಗಳನ್ನು ನಡೆಸಿದರು. ಮುಂದೆ ಅವರು ಮಾಡಿದ ಕೆಲಸ ನಮ್ಮನ್ನು ಇಂದಿಗೂ ಬೆರಗುಗೊಳಿಸುತ್ತದೆ. ಸುತ್ತಲಿನ ಊರುಗಳ ದಳಗಳಿಗೆ ಅವರು ಪತ್ರ ಬರೆದು, ನಮ್ಮಲ್ಲಿಗೆ ಬನ್ನಿ, ಒಟ್ಟಿಗೆ ಶಿಬಿರ ಮಾಡೋಣ ಎಂದು ಕರೆದರು. ಮುಳ್ಳುತಂತಿಯ ಒಳಗಿದ್ದವರು ಹೊರಗಿದ್ದವರನ್ನು ಆಹ್ವಾನಿಸಿದರು! ಹೆಚ್ಚಿನವರು ಬರಲಿಲ್ಲ. ಸಮೀಪದ ಕೋಡಿ ಎಂಬ ಊರಿನ ಸ್ಕೌಟ್ ಮಾಸ್ಟರ್ ಒಬ್ಬರು ಮಾತ್ರ, ಅವರೂ ನಮ್ಮಂತೆಯೇ ಸ್ಕೌಟ್‌ಗಳು ಎಂದು ತಮ್ಮ ಹುಡುಗರನ್ನು ಕರೆತಂದರು. 1943ರ ಆ ಶಿಬಿರದಲ್ಲಿ ಒಂದು ಪುಟ್ಟ ಡೇರೆಗೆ ಜೊತೆಯಾದವರು ಮಿನೆಟಾ ಮತ್ತು ಕೋಡಿಯ ಆಲನ್ ಸಿಂಪ್ಸನ್ ಎಂಬ ಓರಗೆಯ ಹುಡುಗ. ಇಬ್ಬರೂ ಸೇರಿ ಡೇರೆಯ ಸುತ್ತ ಮಳೆನೀರು ಹರಿಯಲು ಕಾಲುವೆ ತೋಡಿದರು. ಕೆಳಗಿನ ಇಳಿಜಾರಿನಲ್ಲಿ ಸಿಂಪ್ಸನ್‌ನ ದಳದ್ದೇ ಪುಂಡ ಹುಡುಗನೊಬ್ಬನ ಡೇರೆಯಿತ್ತು. ಕಾಲುವೆಯ ಬಾಯಿಯನ್ನು ಸರಿಯಾಗಿ ಅತ್ತ ತಿರುಗಿಸಿದರು. ಮಳೆ ಬಂತು, ಆ ಡೇರೆ ಕುಸಿಯಿತು, ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮುಂದೆ ಐವತ್ತು ವರ್ಷ ಕಳೆದರೂ ಇಬ್ಬರೂ ಈ ಕಥೆಯನ್ನು ಸಭೆಸಭೆಗಳಲ್ಲಿ ಹೇಳಿ ನಗುತ್ತಿದ್ದರು.

ಮಿನೆಟಾ 1971ರಲ್ಲಿ ಸ್ಯಾನ್ ಹೋಸೆಯ ಮೇಯರ್ ಆದರು, ಬಳಿಕ ಕಾಂಗ್ರೆಸ್ ಸದಸ್ಯರಾದರು. ಸಿಂಪ್ಸನ್ ವಯೋಮಿಂಗಿನಿಂದ ಸೆನೆಟ್‌ಗೆ ಆರಿಸಿಬಂದರು. ಒಬ್ಬರು ಡೆಮಾಕ್ರಟಿಕ್ ಪಕ್ಷ, ಇನ್ನೊಬ್ಬರು ರಿಪಬ್ಲಿಕನ್ ಪಕ್ಷ. ಬಂಧನಕ್ಕೊಳಗಾದವರ ಕ್ಷಮೆ ಯಾಚಿಸಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನೀಡುವ ಮಸೂದೆ ಬಂದಾಗ ಮಿನೆಟಾ ಅದಕ್ಕಾಗಿ ಕೆಳಮನೆಯಲ್ಲಿ ಶ್ರಮಿಸಿದರು, ಸಿಂಪ್ಸನ್ ಸೆನೆಟ್‌ನಲ್ಲಿ ಬೆಂಬಲಿಸಿದರು. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು.

ಒಂದು ರಾತ್ರಿಯ ಶಿಬಿರವೇ ಈ ಕಾನೂನನ್ನು ತಂದಿತೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಜಪಾನ್ ಮೂಲದ ಅಮೆರಿಕನ್ನರು ವರ್ಷಗಟ್ಟಲೆ ನಡೆಸಿದ ಹೋರಾಟ ಅದರ ಹಿಂದಿದೆ. ಇನ್ನೊಂದು ಸತ್ಯವನ್ನೂ ಮರೆಯಬಾರದು. ಶಿಬಿರ ಮುಗಿದ ಮೇಲೆ ಸಿಂಪ್ಸನ್ ಮನೆಗೆ ಹೋದ. ಮಿನೆಟಾ ತಂತಿಯ ಒಳಗೇ ಉಳಿದ. ಗೆಳೆತನದಿಂದ ಗೇಟು ತೆರೆಯಲಿಲ್ಲ. ಆದರೆ ಶತ್ರುಗಳೆಂದು ಹೇಳಿಕೊಡಲಾಗಿದ್ದ ಜನ ತನ್ನಂತೆಯೇ ಕೀಟಲೆ ಮಾಡುವ, ತನ್ನಂತೆಯೇ ನಗುವ ಹುಡುಗರೆಂಬುದನ್ನು ಸಿಂಪ್ಸನ್ ತನ್ನ ಕಣ್ಣಾರೆ ಕಂಡಿದ್ದ. ಹಾಗೆ ಕಂಡವನೊಬ್ಬ ಸೆನೆಟ್‌ನಲ್ಲಿ ಕುಳಿತಿದ್ದುದಕ್ಕೆ ಬೆಲೆಯಿತ್ತು.

ಈ ಕಥೆ ನಮಗೆ ದೂರದ್ದೆನಿಸಿದರೆ 2001ನ್ನು ನೆನೆಯೋಣ. ಸೆಪ್ಟೆಂಬರ್ 11ರ ದಾಳಿಯ ಬಳಿಕ ಗಡ್ಡ, ಪೇಟ, ಕಂದು ಬಣ್ಣಗಳೆಲ್ಲ ಅನುಮಾನಕ್ಕೆ ಗುರಿಯಾದವು. ನಾಲ್ಕೇ ದಿನಗಳಲ್ಲಿ ಅರಿಜೋನಾದ ಮೇಸಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ ಸಜ್ಜನರನ್ನು ಅವರ ಪೆಟ್ರೋಲ್ ಬಂಕಿನ ಮುಂದೆಯೇ ಗುಂಡಿಕ್ಕಿ ಕೊಂದರು. ಆಗ ದೇಶದ ಸಾರಿಗೆ ಸಚಿವರಾಗಿದ್ದವರು ಇದೇ ಮಿನೆಟಾ. ಮೈಬಣ್ಣ, ಮೂಲ, ಧರ್ಮಗಳನ್ನು ನೋಡಿ ಪ್ರಯಾಣಿಕರನ್ನು ಬೇರ್ಪಡಿಸಕೂಡದೆಂದು ಅವರು ವಿಮಾನ ಸಂಸ್ಥೆಗಳಿಗೆ ಸ್ಪಷ್ಟವಾಗಿ ಸೂಚಿಸಿದರು. ಆ ದಿನಗಳಲ್ಲಿ ಅಳುಕುತ್ತ ವಿಮಾನ ಹತ್ತಿದ ಹಿರಿಯ ಸದಸ್ಯರು ನಮ್ಮ ಕೂಟದಲ್ಲಿ ಇಂದಿಗೂ ಇದ್ದಾರೆ. ನಮ್ಮ ಪರವಾಗಿ ಮಾತನಾಡುವವರೊಬ್ಬರು ಇರಬೇಕಾದ ಕಾಲ ಎಂದು ಬರುತ್ತದೆಂದು ಯಾರೂ ಮುಂಚಿತವಾಗಿ ಹೇಳಲಾರರು. ಅಂಥ ಕಾಲದಲ್ಲಿ ನಮ್ಮ ಮಕ್ಕಳನ್ನು ಹತ್ತಿರದಿಂದ ಬಲ್ಲವರು ಬೇಕು; ನಮ್ಮ ಮಕ್ಕಳೂ ಇನ್ನೊಬ್ಬರ ಪರವಾಗಿ ಎದ್ದು ನಿಲ್ಲುವಷ್ಟು ಅವರನ್ನು ಬಲ್ಲವರಾಗಿರಬೇಕು.

ಇಷ್ಟು ಹೇಳಿದ ಮೇಲೆ ಸದಸ್ಯರು ಎತ್ತುವ ಆಕ್ಷೇಪಗಳಿಗೆ ಉತ್ತರಿಸುವುದು ನಮ್ಮ ಕರ್ತವ್ಯ.

ಮೊದಲನೆಯದು ಸುರಕ್ಷತೆ. ಇದು ಕ್ಷುಲ್ಲಕ ಪ್ರಶ್ನೆಯಲ್ಲ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ್ದು, ಬಾಲ್ಯದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದು ಹೇಳಿದವರ ದಾವೆಗಳ ಕಾರಣದಿಂದ. ಎಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಮುಂದೆ ಬಂದರು. ಪರಿಹಾರದ ಮೊತ್ತ ಸುಮಾರು 246 ಕೋಟಿ ಡಾಲರ್. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕಳುಹಿಸಿ ಎಂದು ನಾವು ಹೇಳಲಾರೆವು. ಇಂದಿನ ನಿಯಮಗಳು ಬಿಗಿಯಾಗಿವೆ. 21 ವರ್ಷ ದಾಟಿದ, ನೋಂದಾಯಿತರಾದ ಇಬ್ಬರು ಹಿರಿಯರು ಸದಾ ಇರಲೇಬೇಕು. ಯಾವ ಹಿರಿಯರೂ ಬೇರೊಬ್ಬರ ಮಗುವಿನೊಡನೆ ಒಂಟಿಯಾಗಿರಕೂಡದು. ಡೇರೆ ಹಂಚಿಕೊಳ್ಳುವ ಮಕ್ಕಳ ವಯಸ್ಸಿನ ಅಂತರ ಎರಡು ವರ್ಷ ಮೀರಕೂಡದು. ನಾಯಕರೆಲ್ಲರೂ ಮಕ್ಕಳ ರಕ್ಷಣೆಯ ತರಬೇತಿ ಪಡೆದಿರಬೇಕು. ಆದರೆ ನಿಯಮ ಕಾಗದದ ಮೇಲಿದ್ದರೆ ಸಾಲದು. ತಂದೆತಾಯಂದಿರು ತಾವೇ ತರಬೇತಿ ಪಡೆದು, ಸ್ವಯಂಸೇವಕರಾಗಿ ಜೊತೆಗಿರುವುದೇ ದೊಡ್ಡ ಕಾವಲು. ಮಗುವನ್ನು ಬಿಟ್ಟುಬಂದು ಮರೆಯುವ ಚಟುವಟಿಕೆ ಇದಲ್ಲ.

ಎರಡನೆಯದು ಆಹಾರ. ಒಮ್ಮೆ ಮಾಂಸ ಹುರಿದ ಕಾವಲಿಯಲ್ಲೇ ನಮ್ಮ ಸಸ್ಯಾಹಾರಿ ಮಗುವಿಗೆ ರೊಟ್ಟಿ ಬಿಸಿಮಾಡಿ ಕೊಟ್ಟರು. ಮಗು ಹಸಿದೇ ಮಲಗಿತು; ನಮಗೆ ಸಂಕಟವಾಯಿತು. ಮರುದಿನ ವಿಚಾರಿಸಿದರೆ, ಕಾವಲಿಯೂ ಬೇರೆಯಿರಬೇಕೆಂಬ ವಿಷಯವೇ ಅವರಿಗೆ ತಿಳಿದಿರಲಿಲ್ಲ, ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವೇ ಆಗಿದ್ದೆವು. ಮುಂದಿನ ಶಿಬಿರಕ್ಕೆ ಎರಡು ಕಾವಲಿಗಳು ಬಂದವು. ಯಾವ ಮಗುವಿಗೆ ಏನು ವರ್ಜ್ಯವೆಂದು ಮಕ್ಕಳೇ ಪಟ್ಟಿ ಮಾಡಿಕೊಂಡರು. ಅದರಲ್ಲಿ ಹಂದಿಮಾಂಸ ಮುಟ್ಟದ ಮುಸ್ಲಿಂ ಮಗುವೂ ಇತ್ತು, ಕಡಲೆಕಾಯಿ ತಿಂದರೆ ಉಸಿರು ಕಟ್ಟುವ ಮಗುವೂ ಇತ್ತು. ನಮ್ಮ ಮಗುವಿನ ಕಷ್ಟವೊಂದೇ ಕಷ್ಟವಲ್ಲವೆಂದು ಮಗುವಿಗೂ ತಿಳಿಯಿತು, ನಮಗೂ ತಿಳಿಯಿತು.

ಮೂರನೆಯದು ಧರ್ಮ. ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರ ಮಾತು ಬರುತ್ತದೆ. ಆದರೆ ಯಾವ ದೇವರೆಂದು ಅದು ಹೇಳುವುದಿಲ್ಲ. ಅವರವರ ಮನೆಯ ನಂಬಿಕೆ ಅವರವರಿಗೆ. ಭಾನುವಾರ ಬೆಳಿಗ್ಗೆ ಸರ್ವಧರ್ಮ ಪ್ರಾರ್ಥನೆಯಲ್ಲಿ ನಮ್ಮ ಹುಡುಗಿಯೊಬ್ಬಳಿಗೆ ಏನಾದರೂ ಹೇಳು ಎಂದಾಗ ಅವಳಿಗೆ ನೆನಪಾದದ್ದು ಕನ್ನಡ ತರಗತಿಯಲ್ಲಿ ಕಲಿತ ಒಂದು ವಚನ. ಹೇಳಿ, ಅರ್ಥವನ್ನು ಇಂಗ್ಲಿಷಿನಲ್ಲಿ ವಿವರಿಸಿದಳು. ನಮ್ಮ ವೇದಿಕೆಯ ಮೇಲೆ ಹೇಳುವಾಗ ಕೈಯಲ್ಲಿ ಚೀಟಿ ಹಿಡಿಯುತ್ತಿದ್ದವಳು ಅಂದು ಚೀಟಿಯಿಲ್ಲದೆ ಹೇಳಿದಳು. ಕನ್ನಡವನ್ನು ಅರಿಯದವರ ಮುಂದೆ ಕನ್ನಡದ ಬೆಲೆ ಅವಳಿಗೆ ಹೊಳೆದಿರಬೇಕು. ಶಿಬಿರಕ್ಕೆ ಹೋದರೆ ಕನ್ನಡ ಮರೆಯುತ್ತದೆಂಬ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ನಮ್ಮಲ್ಲಿಲ್ಲ.

ಹುಡುಗಿಯರ ಮಾತು ಬಂದಿತಾದ್ದರಿಂದ ಇದನ್ನೂ ತಿಳಿಸುವುದು ಒಳ್ಳೆಯದು. 2019ರ ಫೆಬ್ರವರಿಯಿಂದ ಹುಡುಗಿಯರಿಗೂ ಸ್ಕೌಟ್ ದಳಗಳು ತೆರೆದಿವೆ. 2025ರ ಫೆಬ್ರವರಿಯಲ್ಲಿ ಸಂಸ್ಥೆ ತನ್ನ ಹೆಸರನ್ನೇ ಸ್ಕೌಟಿಂಗ್ ಅಮೆರಿಕ ಎಂದು ಬದಲಿಸಿಕೊಂಡಿತು. 1912ರಿಂದ ಇರುವ ಗರ್ಲ್ ಸ್ಕೌಟ್ಸ್ ಬೇರೆಯೇ ಸಂಸ್ಥೆ. ಅಲ್ಲಿಯೂ ನಮ್ಮ ಮಕ್ಕಳಿಗೆ ಸ್ವಾಗತವಿದೆ.

ನಾಲ್ಕನೆಯದು ಆಕ್ಷೇಪವಲ್ಲ, ಅತಿಯಾಸೆ. ಈಗಲ್ ಪದವಿ ದೊರೆತರೆ ಕಾಲೇಜು ಪ್ರವೇಶಕ್ಕೆ ಅನುಕೂಲವೇ ಎಂಬ ಪ್ರಶ್ನೆಯನ್ನು ನಾವು ಪದೇ ಪದೇ ಕೇಳುತ್ತೇವೆ. ಅದಕ್ಕೆ 21 ಮೆರಿಟ್ ಬ್ಯಾಡ್ಜ್‌ಗಳು ಬೇಕು. ಅವುಗಳಲ್ಲಿ ಕಡ್ಡಾಯವಾದ ಕ್ಯಾಂಪಿಂಗ್ ಬ್ಯಾಡ್ಜ್‌ಗೆ ಇಪ್ಪತ್ತು ರಾತ್ರಿ ಡೇರೆಯಲ್ಲಿ ಕಳೆದಿರಬೇಕು. ಕೆಲವು ಮನೆಗಳಲ್ಲಿ ಆ ಇಪ್ಪತ್ತು ರಾತ್ರಿಗಳನ್ನು ಸಾಲದ ಕಂತುಗಳಂತೆ ಎಣಿಸುವುದನ್ನು ಕಂಡಿದ್ದೇವೆ. ಇಪ್ಪತ್ತೊಂದನೆಯ ರಾತ್ರಿಗೆ ಹೋಗುವ ಮನಸ್ಸು ಮಗುವಿಗಿದ್ದರೆ ಶಿಬಿರ ಫಲಿಸಿತೆಂದು ನಮ್ಮ ಎಣಿಕೆ.

ಕೆಲವು ಸದಸ್ಯರು ಇನ್ನೊಂದು ಸಲಹೆ ಮುಂದಿಟ್ಟಿದ್ದಾರೆ. ಕೂಟದ ಆಶ್ರಯದಲ್ಲಿಯೇ ಒಂದು ಕನ್ನಡ ದಳ ಆರಂಭಿಸಿದರೆ ಊಟ, ಭಾಷೆ, ದಿನಾಂಕ ಎಲ್ಲ ತೊಡಕುಗಳೂ ನಿವಾರಣೆಯಾಗುತ್ತವಲ್ಲವೇ? ಸಲಹೆಯ ಹಿಂದಿನ ಕಾಳಜಿಯನ್ನು ಗೌರವಿಸುತ್ತೇವೆ. ಆದರೆ ಚೈನಾಟೌನಿನ ಹುಡುಗರು ತಮ್ಮದೇ ದಳ ಕಟ್ಟಿದ್ದು ಹೊರಗಿನ ಬಾಗಿಲು ಮುಚ್ಚಿದ್ದಾಗ. ಇಂದು ಬಾಗಿಲು ತೆರೆದಿರುವಾಗ ನಾವು ಪ್ರತ್ಯೇಕ ಸೂರು ಬಯಸಿದರೆ ಅದು ಅನುಕೂಲಕ್ಕಾಗಿ ಮಾತ್ರ. ಅನುಕೂಲದ ಕನ್ನಡ ಜಗತ್ತು ನಮ್ಮ ಮಕ್ಕಳಿಗೆ ಈಗಾಗಲೇ ಇದೆ. ಅದರ ಹೆಸರು ಕನ್ನಡ ಕೂಟ. ಇಲ್ಲದಿರುವುದು ಅದರಾಚೆಗಿನ ಅಂಗಳ. ಆದ್ದರಿಂದ ಮನೆಯ ಸಮೀಪದ, ಎಲ್ಲ ಬಗೆಯ ಮಕ್ಕಳಿರುವ ದಳವನ್ನೇ ಸೇರುವುದು ಲೇಸು. ಮುಂದೊಂದು ದಿನ ನಮ್ಮದೇ ದಳ ಆಗುವುದಾದರೆ, ಅದರ ಶಿಬಿರಗಳು ಬೇರೆ ದಳಗಳೊಡನೆ ಕೂಡಿಯೇ ನಡೆಯಲಿ.

ಹಾಗಾದರೆ ಕೂಟ ಏನು ಮಾಡಬೇಕು? ವರ್ಷದ ಆರಂಭದಲ್ಲಿ ಕಾರ್ಯಕ್ರಮಗಳ ದಿನಾಂಕ ಗೊತ್ತುಮಾಡುವ ಮುನ್ನ ಸ್ಕೌಟ್ ಮಕ್ಕಳಿರುವ ಮನೆಗಳನ್ನು ಒಮ್ಮೆ ವಿಚಾರಿಸಲಿ. ಒಂದು ತಾಲೀಮು ತಪ್ಪಿಸಿಕೊಂಡ ಮಗುವಿನ ಪಾತ್ರವನ್ನು ಕಿತ್ತುಕೊಳ್ಳದಿರಲಿ. ಊರಿನಿಂದ ಹೊಸದಾಗಿ ಬಂದ ಕುಟುಂಬಕ್ಕೆ ಡೇರೆ, ಸ್ಲೀಪಿಂಗ್ ಬ್ಯಾಗ್, ಬೆನ್ನುಚೀಲ ಕೊಳ್ಳುವುದು ಹೊರೆ. ನಮ್ಮ ಗ್ಯಾರೇಜುಗಳಲ್ಲಿ ಧೂಳು ಹಿಡಿದಿರುವುದನ್ನು ಒಟ್ಟುಗೂಡಿಸಿ ಎರವಲು ಕೊಡುವ ಏರ್ಪಾಡಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಾವೇ ಆಹ್ವಾನ ಕಳುಹಿಸೋಣ. ಬೇಸಿಗೆಯ ವನಭೋಜನಕ್ಕೆ ನೆರೆಯ ದಳಗಳ ಮಕ್ಕಳನ್ನೂ ಅವರ ಮನೆಯವರನ್ನೂ ಕರೆಯೋಣ. ಬಿಸಿಬೇಳೆಬಾತನ್ನು ಅವರ ಮಕ್ಕಳೂ ನಮ್ಮ ಮಕ್ಕಳೂ ಸೇರಿ ಬೇಯಿಸಲಿ; ಗಂಟಾದರೆ ಆಗಲಿ. ಮುಳ್ಳುತಂತಿಯ ಒಳಗಿದ್ದವರು ಕರೆ ಕಳುಹಿಸಬಲ್ಲವರಾದರೆ, ಯಾವ ತಂತಿಯೂ ಇಲ್ಲದ ನಮಗೆ ಏನಡ್ಡಿ?

ಕೊನೆಯದಾಗಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ಕ್ಯಾಂಪೊರಿಯ ಶನಿವಾರ ರಾತ್ರಿ ಕಾಡ್ಗಿಚ್ಚಿನ ಭಯದಿಂದ ಬೆಂಕಿ ಹಾಕಲು ಅನುಮತಿಯಿರಲಿಲ್ಲ. ಮಕ್ಕಳು ಲಾಟೀನೊಂದನ್ನು ನಡುವೆ ಇಟ್ಟು, ಸುತ್ತ ಕುಳಿತು, ಹಾಸ್ಯ ಪ್ರಸಂಗಗಳನ್ನು ಆಡುತ್ತಿದ್ದರು. ಯಾರು ಯಾವ ಊರಿನ ದಳವೆಂದು ಗುರುತಿಸಲಾಗದಷ್ಟು ಬೆರೆತಿದ್ದರು. ನಾವು ತಂದೆತಾಯಂದಿರು? ಭಾರತೀಯರ ಮಡಿಸುವ ಕುರ್ಚಿಗಳು ಒಂದು ಮೂಲೆಯಲ್ಲಿ, ಚಹಾದ ಫ್ಲಾಸ್ಕಿನ ಸುತ್ತ. ಚೀನೀ ಪೋಷಕರದು ಇನ್ನೊಂದು ಮೂಲೆ. ಸ್ಪ್ಯಾನಿಷ್ ಮಾತನಾಡುವವರದು ಮರದ ಕೆಳಗೆ. ಬಿಳಿಯರದು ವಾಹನಗಳ ಬಳಿ. ಭಾನುವಾರ ಮಧ್ಯಾಹ್ನ ಡೇರೆ ಮಡಿಸಿ ಹೊರಟಾಗ ಮಗ ಕಾರಿನ ಕಿಟಕಿಯಿಂದ ಏಳು ಹೆಸರುಗಳನ್ನು ಕೂಗಿ ಬೀಳ್ಕೊಂಡ. ಆ ಏಳು ಮಕ್ಕಳ ತಂದೆತಾಯಂದಿರಲ್ಲಿ ಒಬ್ಬರ ಹೆಸರೂ ನಮಗೆ ತಿಳಿದಿರಲಿಲ್ಲ.

ಮುಂದಿನ ಶಿಬಿರಕ್ಕೂ ನಾವು ಹೋಗುತ್ತಿದ್ದೇವೆ. ಚಹಾದ ಫ್ಲಾಸ್ಕನ್ನು ದೊಡ್ಡದು ಒಯ್ಯುತ್ತೇವೆ; ಕುರ್ಚಿಯನ್ನು ಆ ಮರದ ಕೆಳಗೆ ಹಾಕುತ್ತೇವೆ. ನಿಮ್ಮ ಮನೆಯ ಮಕ್ಕಳನ್ನೂ ಕರೆತನ್ನಿ. ನಿಮ್ಮ ಕುರ್ಚಿಯೂ ಜೊತೆಗಿರಲಿ.